ಬೆಳ್ಳಿ ಹೇಳಿದ ಮಾತು

ನಮ್ಮೂರು ಗಲಗಲಿ, ಕೃಷ್ಣೆಯ ದಂಡೆಯ ಊರು. ಗಾಲವ ಋಷಿಗಳು ತಪಸ್ಸು ಮಾಡಿದ ಸ್ಥಳವಾದ್ದರಿಂದ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಿದ್ದರು. ನಾನು ಹುಟ್ಟಿದಾಗ ಅದು ವಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದಾದರೇನು, ನಮ್ಮ ಬಾಲ್ಯದ ಕಾರುಬಾರೆಲ್ಲ ಹೊಳೆಯೊಂದಿಗೇ ಇತ್ತು.

ಮನೆಗೆ ಹೊಳೆಯ ಸುದ್ದಿ ತರುವವರು ಅತ್ಯಾ. ಅವರು ನನ್ನ ಅಪ್ಪನ ಸೋದರತ್ತೆ. ಮನೆಯ ಸಣ್ಣವರು ದೊಡ್ಡವರೆಲ್ಲ ಅವರನ್ನು ಅತ್ಯಾ ಎಂದೇ ಕರೆಯುತ್ತಿದ್ದರು. ಹನ್ನೊಂದನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಲೆಯ ಮೇಲೆ ಕೆಂಪು ಸೆರಗು ಹೊದ್ದ ಮಡಿ ಹೆಂಗಸು. ಬೆಳಗಿನ ಜಾವ ಹೊಳೆಗೆ ಹೋಗಿ ಬಂದವರು ತುಂಬಿದ ಕೊಡ ಇಳಿಸುತ್ತಲೇ, "ಹೊಸಾ ನೀರು ಬಂದದ ನೋಡ್ರಿ, ಮ್ಯಾಲೆ ಘಟ್ಟದಾಗ ಮಳಿ ಹತ್ತೇದ" ಎನ್ನುತ್ತಿದ್ದರು. ನಮ್ಮೂರ ಆಕಾಶದಲ್ಲಿ ಆಗ ಅಂಗೈಯಗಲ ಮೋಡವೂ ಇರುತ್ತಿರಲಿಲ್ಲ. ಕೃಷ್ಣೆ ಹುಟ್ಟುವುದು ದೂರದ ಮಹಾಬಳೇಶ್ವರದಲ್ಲಿ. ಅಲ್ಲಿ ಸುರಿದ ಮಳೆ ನಮ್ಮಲ್ಲಿಗೆ ಬಣ್ಣವಾಗಿ, ವಾಸನೆಯಾಗಿ ಮೊದಲು ಬರುತ್ತಿತ್ತು. ಅಕ್ಷರ ಬಾರದ ಅತ್ಯಾ ಅದನ್ನು ಓದುತ್ತಿದ್ದರು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ಮಳೆಗಾಲ ಅವರು ಅಜ್ಜನ ಮುಂದೆ ಬಂದು ನಿಂತರು. "ಅಣ್ಣಾ, ಇರುವಿ ತತ್ತಿ ಹೊತಗೊಂಡು ಗ್ವಾಡಿ ಏರ್ಲಿಕ್ಕೆ ಹತ್ಯಾವ. ಹಗೇವಿನ ಬಾಯಿಗೆ ಕೈ ಇಟ್ರ ತಂಪ ಹತ್ತತದ. ಜ್ವಾಳಾ ಹೊರಗ ತಗಸು" ಎಂದರು. ಅಜ್ಜ ಪಂಚಾಂಗ ತೆಗೆದರು. ಹಗೇವು ತೆರೆಯಲು ಒಳ್ಳೆಯ ದಿನ ನಾಲ್ಕು ದಿನ ಬಿಟ್ಟು ಇತ್ತು. ಆ ನಾಲ್ಕನೆಯ ದಿನ ಹೊಳೆ ಅಗಸಿಯ ತನಕ ಬಂದಿತ್ತು. ನೆಲದೊಳಗಿನ ಹಗೇವಿಗೆ ನೀರು ಜಿನುಗಿ ವರ್ಷದ ಜೋಳವೆಲ್ಲ ಮುಗ್ಗಿ ನಾರಿತು. ಆ ವರ್ಷ ನಾವು ಕೊಂಡು ತಿಂದೆವು. ಅತ್ಯಾ ಮಾತ್ರ ಒಮ್ಮೆಯೂ 'ನಾ ಹೇಳಿದ್ದೆ' ಎನ್ನಲಿಲ್ಲ. ಕೊಳೆತ ಜೋಳವನ್ನು ಬುಟ್ಟಿಯಲ್ಲಿ ತುಂಬಿ ತುಂಬಿ ತಿಪ್ಪೆಗೆ ಹಾಕಿ ಬಂದರು, ಅಷ್ಟೇ.

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ನಾನು ಎಷ್ಟು ಸಲ ಓದಿದರೂ ಅದು ಈ ಹಗೇವಿನ ವಾಸನೆಯೊಂದಿಗೇ ಬರುತ್ತದೆ. ಮೊದಲ ಸಲ ಓದಿದ್ದು ಜಮಖಂಡಿಯಲ್ಲಿ ಕಾಲೇಜಿಗಿದ್ದಾಗ, ಗೆಳತಿಯಿಂದ ಕಡ ತಂದು, ರಟ್ಟಿಗೆ ವೃತ್ತಪತ್ರಿಕೆ ಸುತ್ತಿ. "ನಮ್ಮ ಮಂದೀನ್ನ ಬೈದು ಬರದಾನಂತ, ಅದನ್ನೇನ ಓದತೀ?" ಎಂದು ಅಪ್ಪ ಗದರಿದ್ದರು. ಅವರು ಅದನ್ನು ಓದಿರಲಿಲ್ಲ. ನಾನು ಓದಿದ್ದೆ, ಆದರೆ ಕಥೆಯನ್ನಷ್ಟೇ. ಚಂದ್ರಿ ಏನಾದಳು, ಆಚಾರ್ಯರು ಏನಾದರು ಎಂದು ಹಾಳೆ ಮಗುಚಿದ್ದೆ. ಆ ಕಥೆ ನಡೆಯುವ ಊರನ್ನು ಓದಲು ಕಲಿತದ್ದು ಬಹಳ ತಡವಾಗಿ, ಅತ್ಯಾ ತೀರಿಕೊಂಡ ಮೇಲೆ.

ಓದಿಲ್ಲದವರಿಗಾಗಿ ಎರಡು ಮಾತು. ತುಂಗೆಯ ದಂಡೆಯಲ್ಲಿ ದೂರ್ವಾಸಪುರವೆಂಬ ಮಾಧ್ವರ ಅಗ್ರಹಾರ. ಅಲ್ಲಿ ಆಚಾರವನ್ನೆಲ್ಲ ಬಿಟ್ಟು, ಕುಂದಾಪುರದ ಚಂದ್ರಿಯೊಡನೆ ಬಾಳುತ್ತಿದ್ದ ನಾರಣಪ್ಪ ಶಿವಮೊಗ್ಗೆಗೆ ಹೋಗಿ ಬಂದವನು ಜ್ವರ ಹಿಡಿದು ಸಾಯುತ್ತಾನೆ. ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ಉತ್ತರಕ್ಕಾಗಿ ಓಲೆಗರಿಗಳನ್ನು ತಡಕುತ್ತಾರೆ. ಅಷ್ಟರಲ್ಲಿ ಇಲಿಗಳು ಸಾಯತೊಡಗುತ್ತವೆ, ಹದ್ದುಗಳು ಬಂದು ಮನೆಯ ಮಾಡಿನ ಮೇಲೆ ಕೂರುತ್ತವೆ. ಊರಿಗೆ ಬಂದದ್ದು ಪ್ಲೇಗು.

1965ರಲ್ಲಿ ಪ್ರಕಟವಾದ ಈ ಕಿರುಕಾದಂಬರಿಯನ್ನು ಅನಂತಮೂರ್ತಿಯವರು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಅಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ತವರು ಬಿಟ್ಟ ಹೆಣ್ಣಿಗೆ ತವರಿನ ಹಿತ್ತಲು ಎಷ್ಟು ನಿಚ್ಚಳವಾಗಿ ನೆನಪಾಗುತ್ತದೆಂದು ನಮಗೆಲ್ಲ ಗೊತ್ತು. ದೂರ ನಿಂತು ನೋಡಿದ್ದಕ್ಕೋ ಏನೋ, ಈ ಪುಸ್ತಕದಲ್ಲಿ ಊರು ಬರಿಯ ಹಿನ್ನೆಲೆಯಾಗಿ ಉಳಿದಿಲ್ಲ. ಮುಂದೆ ನಡೆಯಲಿರುವುದೆಲ್ಲ ಊರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವರು ಮನುಷ್ಯರು.

ಸ್ಥಳಪುರಾಣವನ್ನೇ ನೋಡಿ. ತುಂಗೆಯ ನಡುವೆ ಮರ ಬೆಳೆದ ಒಂದು ಗುಡ್ಡ. ದೂರ್ವಾಸರು ಅಲ್ಲಿ ಇಂದಿಗೂ ತಪಸ್ಸು ಮಾಡುತ್ತಿದ್ದಾರೆಂದು ನಂಬಿಕೆ. ಪಾಂಡವರು ಹತ್ತಿರದ ಕೈಮರದಲ್ಲಿ ಇದ್ದರಂತೆ. ದ್ರೌಪದಿಗೆ ನೀರಾಟದ ಆಸೆಯಾಯಿತು. ಹೆಂಡತಿಯ ಆಸೆ ತೀರಿಸಲು ಭೀಮ ಹೊಳೆಗೆ ಕಟ್ಟೆ ಹಾಕಿದ. ಕೆಳಗೆ ದೂರ್ವಾಸರ ಸ್ನಾನಕ್ಕೆ ನೀರಿಲ್ಲವಾಗಿ ಅವರು ಕೋಪಗೊಂಡರು. ಧರ್ಮರಾಯ ಹೇಳಿದ ಮೇಲೆ ಭೀಮ ಮೂರು ಕಡೆ ಕಟ್ಟೆ ಒಡೆದ. ಅದಕ್ಕೇ ತುಂಗೆ ಅಲ್ಲಿ ಮೂರು ಸೆಳಕಾಗಿ ಹರಿಯುತ್ತಾಳೆ. ಮೊದಲ ಓದಿನಲ್ಲಿ ಇದನ್ನು ಊರಿನ ಹೆಮ್ಮೆಯ ಕಥೆ ಎಂದು ದಾಟಿ ಹೋಗಿದ್ದೆ. ಈಗ ನಿಂತು ನೋಡಿದರೆ ಇಡೀ ಕಾದಂಬರಿಯೇ ಈ ನಾಲ್ಕು ಸಾಲಿನ ಪುರಾಣದಲ್ಲಿದೆ. ಒಂದು ಕಡೆ ಹೆಣ್ಣಿನ ಆಸೆ, ಇನ್ನೊಂದು ಕಡೆ ತಪಸ್ಸು, ನಡುವೆ ಕಟ್ಟಿ ನಿಲ್ಲಿಸಿದ ನೀರು. ಕಟ್ಟಿದ್ದು ಒಂದು ದಿನ ಒಡೆಯಲೇಬೇಕು. ಪ್ರಾಣೇಶಾಚಾರ್ಯರೂ ತಮ್ಮೊಳಗಿನ ಹೊಳೆಗೆ ಕಟ್ಟೆ ಹಾಕಿಕೊಂಡವರು. ಹಾಸಿಗೆ ಹಿಡಿದ ಹೆಣ್ಣನ್ನು ಬೇಕೆಂದೇ ಮದುವೆಯಾಗಿ, ಅವಳ ಸೇವೆಯನ್ನು ಮೋಕ್ಷದ ದಾರಿ ಮಾಡಿಕೊಂಡವರು. ಆ ಹೆಂಡತಿಯ ಹೆಸರು ಭಾಗೀರಥಿ. ಬತ್ತಿದ ದೇಹಕ್ಕೆ ಗಂಗೆಯ ಹೆಸರು! ಕಾದಂಬರಿ ತೆರೆಯುವುದೇ ಅವರು ಅವಳಿಗೆ ಮೀಯಿಸುವುದರಿಂದ.

ಇನ್ನು ಹೂಗಳು. ಅಗ್ರಹಾರದ ಅಂಗಳಗಳಲ್ಲಿ ಬಿರಿಯುವ ಹೂವೆಲ್ಲ ದೇವರ ಪೂಜೆಗೆ. ನಾರಣಪ್ಪನ ಮನೆಯ ಹೂ ಮಾತ್ರ ಚಂದ್ರಿಯ ಮುಡಿಗೆ. ಅವನ ಅಂಗಳದಲ್ಲಿ ಪೂಜೆಗೆ ಸಲ್ಲದ ರಾತ್ರಿರಾಣಿಯ ಗಿಡ. ಇರುಳಾದರೆ ಅದರ ಘಮ ಕೇರಿಯನ್ನೆಲ್ಲ ತುಂಬುತ್ತದೆ. ಬಾಗಿಲು ಹಾಕಬಹುದು, ಮೂಗು ಮುಚ್ಚಿಕೊಳ್ಳಬಹುದು, ಆದರೆ ಗಾಳಿಗೆ ಮಡಿ ಇಲ್ಲ. ಮುಂದೆ ಅದೇ ಗಾಳಿಯಲ್ಲಿ ಅದೇ ಅಂಗಳದಿಂದ ಹೆಣದ ನಾತ ಬರುತ್ತದೆ. ಬದುಕಿದ್ದಾಗ ಅವನ ಸುಖವನ್ನು ಹೊರಗಿಡಲಾಗದವರು ಸತ್ತ ಮೇಲೆ ಅವನ ಕೊಳೆಯನ್ನೂ ಹೊರಗಿಡಲಾರರು. ಇದನ್ನು ಲೇಖಕರು ಎಲ್ಲಿಯೂ ಬಾಯಿಬಿಟ್ಟು ವಾದಿಸುವುದಿಲ್ಲ. ಒಂದು ಗಿಡವನ್ನು ಸರಿಯಾದ ಜಾಗದಲ್ಲಿ ನೆಟ್ಟಿದ್ದಾರೆ.

ನನ್ನನ್ನು ಬಹಳ ಕಾಡಿದ್ದು ಶಂಖದ ಪ್ರಸಂಗ. ಹದ್ದುಗಳು ಮಾಡಿನ ಮೇಲೆ ಬಂದು ಕೂತಾಗ ಬ್ರಾಹ್ಮಣರು ಅವನ್ನು ಓಡಿಸಲು ಜಾಗಟೆ ಬಾರಿಸುತ್ತಾರೆ, ಶಂಖ ಊದುತ್ತಾರೆ. ದ್ವಾದಶಿಯ ಬೆಳಗಿನಲ್ಲಿ ದೂರ್ವಾಸರ ಗುಡ್ಡದಿಂದ ಪುಣ್ಯವಂತರಿಗೆ ಶಂಖದ ದನಿ ಕೇಳುತ್ತದೆಂದು ಜಂಬ ಪಡುತ್ತಿದ್ದ ಊರು ಅದು. ಮಂಗಳಾರತಿಯ ಸದ್ದು ನಡುಹಗಲಲ್ಲಿ ಹಕ್ಕಿ ಓಡಿಸುವ ಸದ್ದಾಯಿತು. ಶಂಖ ಅದೇ, ಊದುವ ಬಾಯಿಯೂ ಅದೇ. ಒಳಗಿನ ಅರ್ಥ ಯಾವಾಗ ಸೋರಿಹೋಯಿತೋ ಊದುವವರಿಗೇ ತಿಳಿಯಲಿಲ್ಲ. ಅಷ್ಟಾದರೂ ಅವರಿಗೆ ಹದ್ದೆಂದರೆ ಅಪಶಕುನ. ನಾರಣಪ್ಪನ ಪಾಪದ ಫಲ. ಹದ್ದು ಬಂದದ್ದು ಸತ್ತ ಇಲಿಗಳಿಗೆ ಎಂದು ಯಾರಿಗೂ ಹೊಳೆಯುವುದಿಲ್ಲ. ಎಲ್ಲಕ್ಕೂ ಶಾಸ್ತ್ರದ ಅರ್ಥ ಹಚ್ಚುವ ಅಭ್ಯಾಸವಾದವರಿಗೆ ಕಣ್ಣೆದುರಿನ ಅರ್ಥ ಕಾಣುವುದಿಲ್ಲ. ಈ ಮಾತು ಬರೆಯುವಾಗ ನನಗೆ ಅಜ್ಜನ ಪಂಚಾಂಗ ನೆನಪಾಗುತ್ತದೆ. ಅಜ್ಜ ಕೆಟ್ಟವರಲ್ಲ. ಪ್ರಾಣೇಶಾಚಾರ್ಯರೂ ಕೆಟ್ಟವರಲ್ಲ.

ಹಾಗಾದರೆ ಕಣ್ಣೆದುರಿನ ಅರ್ಥ ಕಂಡವರು ಯಾರು? ಬೆಳ್ಳಿ. ಹೊಲೆಯರ ಗುಡಿಸಲಿನ ಹುಡುಗಿ. ಲಕ್ಷ್ಮಣಾಚಾರ್ಯರ ಅಳಿಯ ಶ್ರೀಪತಿ ಅವಳನ್ನು ಕದ್ದು ಕೂಡಲು ಬರುತ್ತಾನೆ. ಅವನು ಎದ್ದು ಹೊರಡುವ ಅವಸರದಲ್ಲಿದ್ದಾಗ ಅವಳು ಅವನಿಗೆ ಒಂದು ವಿಚಿತ್ರ ಹೇಳಬೇಕೆನ್ನುತ್ತಾಳೆ. ತಮ್ಮ ಗುಡಿಸಲಲ್ಲಿ ತಿನ್ನಲು ಏನೂ ಇಲ್ಲ, ಎಂದೂ ಬಾರದ ಇಲಿಗಳು ಈಗ ಬರುತ್ತಿವೆ, ಬಂದು ಸಾಯುತ್ತಿವೆ ಎಂಬುದು ಅವಳ ಮಾತಿನ ಸಾರ. ಕೇರಿಯಲ್ಲಿ ಜನ ಸತ್ತದ್ದನ್ನೂ ಹೇಳುತ್ತಾಳೆ. ಶ್ರೀಪತಿಗೆ ಬೇಕಾದದ್ದು ಬೆಳ್ಳಿ, ಅವಳ ಮಾತಲ್ಲ. ಅವನು ಕಿವಿಗೊಡದೆ ಹೊರಟು ಹೋಗುತ್ತಾನೆ. ಅಗ್ರಹಾರದವರಿಗೆ ಪ್ಲೇಗೆಂಬ ಹೆಸರು ಸಿಗುವುದು ಪಾರಿಜಾತಪುರದ ಮಂಜಯ್ಯನಿಂದ, ಅವನು ನೋಡಿದ ಪತ್ರಿಕೆಯ ಸುದ್ದಿಯಿಂದ. ಅಕ್ಷರದಲ್ಲಿ ಅಚ್ಚಾಗಿ ಬಂದ ಮೇಲೆಯೇ ನಂಬಿಕೆ! ಅಷ್ಟು ಹೊತ್ತಿಗೆ ಬಹಳ ತಡವಾಗಿರುತ್ತದೆ.

ಪ್ರಾಣೇಶಾಚಾರ್ಯರೂ ಒಂದು ಗುರುತಿಗಾಗಿಯೇ ಕಾದವರು. ಗ್ರಂಥದಲ್ಲಿ ಉತ್ತರ ಸಿಗದೆ ಮಾರುತಿಯ ಗುಡಿಗೆ ಹೋಗಿ, ದೇವರು ಹೂ ಕೆಡಹಿ ಅಪ್ಪಣೆ ಕೊಟ್ಟಾನೆಂದು ದಿನವಿಡೀ ಕೂರುತ್ತಾರೆ. ಹೂ ಬೀಳುವುದಿಲ್ಲ. ಹಿಂದಿರುಗುವಾಗ ಕಾಡಿನ ಕತ್ತಲೆಯಲ್ಲಿ ಚಂದ್ರಿ ಎದುರಾಗಿ ಕಾಲಿಗೆ ಬೀಳುತ್ತಾಳೆ. ಅಲ್ಲಿ ಕಟ್ಟೆ ಒಡೆಯುತ್ತದೆ. ಅಗ್ರಹಾರದಲ್ಲಿ ಒಂದು ಮನೆಯ ಬಾಗಿಲು ಇನ್ನೊಂದು ಮನೆಯನ್ನು ಕಾಯುತ್ತಿರುತ್ತದೆ. ಕಾಡಿನಲ್ಲಿ ಬಾಗಿಲೂ ಇಲ್ಲ, ಬೀದಿಯೂ ಇಲ್ಲ. ಆ ಘಟನೆ ಅಗ್ರಹಾರದೊಳಗೆ ನಡೆಯಲು ಸಾಧ್ಯವೇ ಇರಲಿಲ್ಲ. ಕೊನೆಗೆ ಹೆಂಡತಿಯೂ ಪ್ಲೇಗಿಗೆ ಸತ್ತು, ಅವಳನ್ನು ಸುಟ್ಟು, ಆಚಾರ್ಯರು ಊರು ಬಿಟ್ಟು ಮೇಳಿಗೆಯ ಜಾತ್ರೆಗೆ ಬರುತ್ತಾರೆ. ಕೋಳಿ ಅಂಕ, ಕಾಫಿ, ಗದ್ದಲ, ಪುಟ್ಟನೆಂಬವನ ಸಲಿಗೆ. ದೂರ್ವಾಸಪುರವನ್ನು ನೀವು ನಕಾಶೆಯಲ್ಲಿ ಹುಡುಕಿದರೆ ಸಿಗದು. ಮೇಳಿಗೆ ಸಿಗುತ್ತದೆ, ತೀರ್ಥಹಳ್ಳಿ ತಾಲೂಕಿನ ಅದೇ ಊರಲ್ಲಿ ಅನಂತಮೂರ್ತಿ 1932ರಲ್ಲಿ ಹುಟ್ಟಿದ್ದು. ಪುರಾಣದ ಹೆಸರಿನ ಊರಿಂದ ನಿಜವಾದ ಊರಿಗೆ ತಮ್ಮ ಆಚಾರ್ಯರನ್ನು ನಡೆಸಿ ತಂದಿದ್ದಾರೆ ಲೇಖಕರು.

ಇಷ್ಟೆಲ್ಲವನ್ನೂ ನಾನು ಹುರುಪಿನಿಂದ ಹೇಳಿದ್ದು ನಮ್ಮ ಓಣಿಯ ಹೆಣ್ಣುಮಕ್ಕಳ ಮುಂದೆ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಒಂದು ಪುಸ್ತಕದ ಮಾತಾಡುತ್ತೇವೆ. ಅವಲಕ್ಕಿ, ಚಹಾ ಇರುತ್ತದೆ. ಆ ಸಲ 'ಸಂಸ್ಕಾರ' ಹಿಡಿದಿದ್ದೆವು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಮಾಡಿದ ಚಿತ್ರವನ್ನು ನೋಡಿದವರು ಇಬ್ಬರು ಇದ್ದರು. ಗಿರೀಶ ಕಾರ್ನಾಡರ ಆಚಾರ್ಯ, ಸ್ನೇಹಲತಾ ರೆಡ್ಡಿಯವರ ಚಂದ್ರಿ ಅವರಿಗೆ ಇನ್ನೂ ಕಣ್ಣಲ್ಲಿತ್ತು. ನನ್ನ ಮಾತು ಮುಗಿದ ಮೇಲೆ ಹೊಸದಾಗಿ ಸೊಸೆಯಾಗಿ ಬಂದ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: "ಎಲ್ಲಾ ಖರೇ ಅದರೀ ಅಕ್ಕಾರ. ಆದ್ರ ಇದರಾಗ ಹೆಣ್ಣುಮಕ್ಕಳೆಲ್ಲಾ ನೆಲಾ, ಹೊಳಿ ಇದ್ದಂಗ ಅದಾರಲ್ಲರೀ. ಮನಶೇರ ಇದ್ದಂಗ ಇಲ್ಲ."

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಉತ್ತರ ಕೊಡಲು ಆಗಲಿಲ್ಲ.

ಅವಳು ಹೇಳಿದ್ದು ಸುಳ್ಳೇ? ಭಾಗೀರಥಿ ಬತ್ತಿದ ಹೊಳೆ. ಚಂದ್ರಿ, ಬೆಳ್ಳಿ ತುಂಬಿ ಹರಿವ ಹೊಳೆ, ಮಳೆ ಬಿದ್ದ ಮಣ್ಣು. ಅಗ್ರಹಾರದ ಉಳಿದ ಹೆಂಡಂದಿರು ಒಣಗಿದವರು, ಚಂದ್ರಿಯ ಬಂಗಾರಕ್ಕೆ ಬಾಯಿಬಿಟ್ಟು ಒಬ್ಬರಿಗೊಬ್ಬರು ಹೊಟ್ಟೆಕಿಚ್ಚುಪಡುವವರು. ಒಂದು ಹದ್ದನ್ನೋ ಇಲಿಯನ್ನೋ ಸಂಕೇತ ಮಾಡಿದರೆ ಅದಕ್ಕೆ ನೋವಿಲ್ಲ. ಹೆಣ್ಣನ್ನು ಸಂಕೇತ ಮಾಡಿದರೆ? ಒಂದು ಕುಲದ ಹೆಂಗಸರೆಲ್ಲ ಬರಡು, ಇನ್ನೊಂದು ಕುಲದ ಹೆಂಗಸರೆಲ್ಲ ಫಲವತ್ತು ಎಂದರೆ ಇಬ್ಬರಿಗೂ ಅನ್ಯಾಯವೇ. ಬೆಳ್ಳಿಗೂ ತಲೆನೋವು ಬರುತ್ತಿರಬಹುದು, ಅವಳಿಗೂ ನಾಳೆಯ ಚಿಂತೆ ಇರಬಹುದು. ಗಂಡಸಿನ ದಾಹಕ್ಕೆ ನೀರಾಗಿ ಕಾಣುವುದಷ್ಟೇ ಅವಳ ಕೆಲಸವಲ್ಲ.

ನಾನು ಅಗ್ರಹಾರದಂಥ ಊರಿನವಳು. ನನ್ನ ಅತ್ಯಾರನ್ನು ಆ ಕೇರಿಯಲ್ಲಿ ನಿಲ್ಲಿಸಿದ್ದರೆ ಕಾದಂಬರಿ ಅವರನ್ನು ಒಂದು ಸಾಲಿನಲ್ಲಿ ಬೋಳುತಲೆಯ ಕೆಂಪು ಸೀರೆಯಾಗಿ ದಾಟಿಬಿಡುತ್ತಿತ್ತು. ಆದರೆ ನನಗೆ ಅವರ ನಗೆ ಗೊತ್ತು. ಶ್ರಾವಣದಲ್ಲಿ ಮಧ್ಯಾಹ್ನ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಹಾಡುತ್ತಿದ್ದ ದನಿ ಗೊತ್ತು. ಅವರು ಹಾಡುತ್ತಿದ್ದುದು ಗಲಗಲಿ ಅವ್ವನ ಹಾಡು. ಹರಿದಾಸ ಪರಂಪರೆಯಲ್ಲಿ ಹಾಗೆಂದೇ ಹೆಸರಾದ ಆ ಅವ್ವ ನಮ್ಮೂರವಳು. ಅವಳ ಹಾಡುಗಳಲ್ಲಿ ರುಕ್ಮಿಣಿ, ಸತ್ಯಭಾಮೆ, ದ್ರೌಪದಿ, ಸುಭದ್ರೆ ಎಲ್ಲರೂ ಮಾತಿಗೆ ಮಾತು ಕೊಡುತ್ತಾರೆ, ಜಗಳಾಡುತ್ತಾರೆ, ನಗುತ್ತಾರೆ. ನೀರಾಟದ ಆಸೆ ಹೇಳಿ ಸುಮ್ಮನಾಗುವ ದ್ರೌಪದಿ ಅಲ್ಲ ಅವಳು. ಬಾಯಿಂದ ಬಾಯಿಗೆ, ವಹಿಯಿಂದ ವಹಿಗೆ ಆ ಹಾಡುಗಳನ್ನು ಉಳಿಸಿಕೊಂಡು ಬಂದವರು ಇಂಥ ಒಣಗಿದ ಅಂಗಳದ ಹೆಂಗಸರೇ.

ಹಾಗೆಂದು ಪುಸ್ತಕವನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಆ ಹುಡುಗಿಯ ಪ್ರಶ್ನೆ ಹಿಡಿದುಕೊಂಡು ಮತ್ತೊಮ್ಮೆ ಓದಿದೆ. ಆಗ ಕಂಡದ್ದು ಮೊದಲ ಪುಟಗಳಲ್ಲಿಯೇ ಇತ್ತು. ಭಾಗೀರಥಿ ಗಂಡನಿಗೆ ಒಂದು ಮಾತು ಹೇಳುತ್ತಾಳೆ: ನನ್ನಿಂದ ನಿಮಗೆ ಸುಖವಿಲ್ಲ, ಮನೆಗೊಂದು ಕೂಸು ಬೇಕು, ಇನ್ನೊಂದು ಮದುವೆಯಾಗಿ ಎಂದು. ಆಚಾರ್ಯರು ನಕ್ಕು, ನಿಷ್ಕಾಮ ಕರ್ಮದ ಮಾತಾಡಿ ಅದನ್ನು ತೇಲಿಸಿಬಿಡುತ್ತಾರೆ. ಅವಳ ಮಾತನ್ನು ಅವಳ ತ್ಯಾಗವೆಂದು ಓದುತ್ತೇವೆ. ಆದರೆ ಆ ಮನೆಯಲ್ಲಿ ಏನೋ ಕಟ್ಟಿ ನಿಂತಿದೆ, ಇದು ಹೀಗೇ ಉಳಿಯದು ಎಂದು ಮೊದಲು ಕಂಡವಳು ಅವಳೇ. ಮುಂದೆ ಕಾಡಿನಲ್ಲಿ ಆದದ್ದರ ಸುಳಿವು ಹಾಸಿಗೆಯಿಂದ ಏಳಲಾರದ ಹೆಣ್ಣಿನ ಬಾಯಲ್ಲಿ ಬಂದು ಹೋಗಿತ್ತು. ಗಂಡ ಕೇಳಿಸಿಕೊಳ್ಳಲಿಲ್ಲ. ನಾನೂ ಇಷ್ಟು ವರ್ಷ ಕೇಳಿಸಿಕೊಂಡಿರಲಿಲ್ಲ.

ಅಂದರೆ ಈ ಕಾದಂಬರಿಯಲ್ಲಿ ಎರಡು ಸಲ ಹೆಂಗಸರು ಮುಂದಾಗುವುದನ್ನು ಹೇಳುತ್ತಾರೆ. ಭಾಗೀರಥಿ ಮನೆಯನ್ನು ಓದುತ್ತಾಳೆ, ಬೆಳ್ಳಿ ಊರನ್ನು ಓದುತ್ತಾಳೆ. ಇಬ್ಬರೂ ಆ ಒಂದು ಗಳಿಗೆ ನೆಲವೂ ಅಲ್ಲ, ಹೊಳೆಯೂ ಅಲ್ಲ. ನೆಲ ಹೊಳೆಗಳ ಗುರುತು ಹಿಡಿಯಬಲ್ಲ ಮನುಷ್ಯರು. ಒಬ್ಬಳ ಮಾತನ್ನು ಧರ್ಮ ಕೇಳಲಿಲ್ಲ, ಇನ್ನೊಬ್ಬಳ ಮಾತನ್ನು ಕಾಮ ಕೇಳಲಿಲ್ಲ. ಉಳಿದ ಪುಟಗಳಲ್ಲಿ ಅವರನ್ನು ಮತ್ತೆ ಸಂಕೇತಗಳ ಸಾಲಿಗೆ ಸೇರಿಸಿದ್ದು ಪುಸ್ತಕದ ಕೊರತೆ ಎಂದೇ ನನಗೆ ಅನಿಸುತ್ತದೆ. ಆ ಎರಡು ಮಾತುಗಳನ್ನು ಅಳಿಸದೆ ಉಳಿಸಿದ್ದು ಅದರ ಪ್ರಾಮಾಣಿಕತೆ. ಮುಂದಿನ ತಿಂಗಳು ಸೇರಿದಾಗ ಆ ಹುಡುಗಿಗೆ ಇದನ್ನೇ ಹೇಳಿದೆ. ಅವಳು ಒಪ್ಪಿದಂತೆ ಕಾಣಲಿಲ್ಲ. "ಎರಡ ಮಾತು ಸಾಕಾಗತಾವೇನ್ರಿ?" ಎಂದಳು. ಅವಳಿಗೂ ಹಕ್ಕಿದೆ.

ಈಗ ಕೃಷ್ಣೆಗೂ ಕಟ್ಟೆ ಬಿದ್ದಿದೆ. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ದಂಡೆಗಳಿಗೆ ಏರಿದ ಮೇಲೆ ಹರಿಯುವ ಹೊಳೆಯನ್ನು ಕಂಡವರು ನಿಂತ ಹೊಳೆಯನ್ನು ನೋಡಬೇಕಾಯಿತು. ಎಷ್ಟೋ ಹಳ್ಳಿಗಳು ಎದ್ದು ಹೋದವು. ಬಾಗಲಕೋಟೆಯ ಹಳೆಯ ಪೇಟೆಯೂ ಅರ್ಧ ಮುಳುಗಿತು. ಆ ನೀರಿನಿಂದ ಹೊಲಗಳು ಹಸಿರಾದದ್ದೂ ನಿಜ. 2019ರ ಆಗಸ್ಟಿನಲ್ಲಿ ಮಹಾಪೂರ ಬಂದಾಗ ನಾವೆಲ್ಲ ಟಿವಿಯ ಮುಂದೆ ಕೂತು, ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಅಂಕಿ ಓದಿ ಹೊಳೆಯನ್ನು ತಿಳಿದುಕೊಂಡೆವು. ಮಂಜಯ್ಯನ ಪತ್ರಿಕೆಯಂತೆ.

ಆ ದಿನಗಳಲ್ಲಿ ಊರಿಂದ ಫೋನು ಮಾಡಿದ ನನ್ನ ಕಾಕು ನಡುವೆ ಒಂದು ಮಾತು ಹೇಳಿದರು: "ಟಿವಿಯವರು ಹೇಳೂಕಿಂತ ಎರಡ ದಿನಾ ಮೊದಲ ಇರುವಿ ಮ್ಯಾಲೆ ಏರಿದ್ವು ನೋಡವಾ." ನಾನು ಆತುರದಲ್ಲಿದ್ದೆ, ಸಾಮಾನು ಮೇಲಿಟ್ಟಿರಾ, ಔಷಧಿ ಇವೆಯಾ ಎಂದು ಕೇಳುತ್ತಿದ್ದೆ. ಹೂಂ ಎಂದು ಆ ಮಾತನ್ನು ದಾಟಿಸಿಬಿಟ್ಟೆ. ಫೋನು ಇಟ್ಟ ಮೇಲೆ ನೆನಪಾಯಿತು. ತಿರುಗಿ ಫೋನು ಹಚ್ಚಿದೆ. "ಕಾಕೂ, ಇರುವಿ ಎಲ್ಲಿ ಏರಿದ್ವು ಅಂದ್ರಿ? ಸಾವಕಾಶ ಹೇಳ್ರಿ, ಕೇಳ್ಲಿಕ್ಕೆ ಹತ್ತೇನಿ" ಎಂದೆ.